ಸಾವಿರ ಗಂಟೆ ಅಂದರೆ ಎಷ್ಟು ವರ್ಷ? ಬಿಸಿಲಿನ ಪರೀಕ್ಷೆಯ ಒಳಲೆಕ್ಕ

ಪ್ಲಾಸ್ಟಿಕ್ ಶೀಟು, ಹೊರಗೋಡೆಯ ಪೈಂಟು, ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್. ಬಿಸಿಲಲ್ಲಿ ಬಿದ್ದಿರುವ ಇಂಥ ಸಾಮಾನುಗಳ ವಿವರಪಟ್ಟಿಯಲ್ಲಿ ಆಗಾಗ ಒಂದು ಸಾಲು ಕಣ್ಣಿಗೆ ಬೀಳುತ್ತದೆ: '1000 ಗಂಟೆ ಯುವಿ ಪರೀಕ್ಷೆ ಪಾಸ್'. ಕೆಲವರು 2000 ಅಂತಾರೆ, ಕೆಲವರು 3000. ಓದಿದವರಿಗೆ ತಕ್ಷಣ ಬರುವ ಪ್ರಶ್ನೆ ಒಂದೇ. ಹಾಗಾದರೆ ಹೊರಗೆ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಉತ್ತರ ಆ ಸಾಲಿನಲ್ಲಿ ಇಲ್ಲ. ಗಂಟೆಗೆ ಇಷ್ಟು ವರ್ಷ ಅಂತ ಗುಣಿಸಿ ಹೇಳುವ ಸೂತ್ರವೂ ಇಲ್ಲ. ಈ ಪರೀಕ್ಷೆಗಳನ್ನು ದಿನವೂ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಆದರೂ ಆ ಸಂಖ್ಯೆ ವಿವರಪಟ್ಟಿಯಲ್ಲಿ ರಾರಾಜಿಸುತ್ತಲೇ ಇರುತ್ತದೆ, ಏಕೆಂದರೆ ಕೊಳ್ಳುವವರು ಕೇಳುವುದು ಅದನ್ನೇ.

ಈಗ ಇದನ್ನು ಬರೆಯುವುದಕ್ಕೆ ಒಂದು ಕಾರಣ ಇದೆ. ಪ್ಲಾಸ್ಟಿಕ್ಕನ್ನೂ ಪೈಂಟನ್ನೂ ದಶಕಗಳಿಂದ ಬಿಸಿಲಿನಿಂದ ಕಾಪಾಡುತ್ತ ಬಂದ ಕೆಲವು ರಾಸಾಯನಿಕಗಳಿಗೆ ಒಂದೊಂದಾಗಿ ನಿಷೇಧ ಬೀಳುತ್ತಿದೆ. ಅವುಗಳ ಜಾಗಕ್ಕೆ ಹೊಸವು ಬರಬೇಕು, ಬಂದವು ಬಾಳುತ್ತವೆಯೇ ಅಂತ ನೋಡಬೇಕು. ನಿಜವಾದ ಬಿಸಿಲಲ್ಲಿ ನೋಡಲು ವರ್ಷಗಟ್ಟಲೆ ಬೇಕು. ಕಾನೂನು ಕೊಡುವ ಗಡುವು ಅಷ್ಟು ದೊಡ್ಡದಲ್ಲ. ಹೀಗಾಗಿ ದೀಪದ ಬೆಳಕಿನಲ್ಲಿ ಬಿಸಿಲನ್ನು ಅನುಕರಿಸುವ ಪ್ರಯೋಗಾಲಯದ ಪೆಟ್ಟಿಗೆ ಕೊಡುವ ಉತ್ತರದ ಮೇಲೆ ಹಿಂದೆಂದಿಗಿಂತ ಜಾಸ್ತಿ ಭಾರ ಬಿದ್ದಿದೆ. ಆ ಪೆಟ್ಟಿಗೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಬಿಸಿಲು ಮಾಡುವ ಕೆಲಸ

ನೆಲಕ್ಕೆ ಬಂದು ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆ, ಅಂದರೆ ಯುವಿ ಕಿರಣಗಳ ಪಾಲು ನೂರಕ್ಕೆ ಐದರ ಆಸುಪಾಸು. ಆದರೆ ಹಾಳು ಮಾಡುವ ಕೆಲಸ ಬಹುಪಾಲು ಅವುಗಳದ್ದೇ. ಪ್ಲಾಸ್ಟಿಕ್ ಅಂದರೆ ಕಾರ್ಬನ್ ಪರಮಾಣುಗಳು ಒಂದಕ್ಕೊಂದು ಹಿಡಿದುಕೊಂಡ ಉದ್ದುದ್ದ ಸರಪಳಿಗಳು. ಒಂದು ಹಿಡಿತ ಬಿಡಿಸಲು ಮೋಲ್ ಒಂದಕ್ಕೆ ಸುಮಾರು 350 ಕಿಲೊಜೂಲ್ ಬೇಕು. 300 ನ್ಯಾನೊಮೀಟರ್ ತರಂಗಾಂತರದ ಬೆಳಕು ಮೋಲ್ ಒಂದಕ್ಕೆ ಸುಮಾರು 400 ಕಿಲೊಜೂಲ್ ತರುತ್ತದೆ. ಕಣ್ಣಿಗೆ ಕಾಣುವ ಹಸಿರು, ಕೆಂಪು ಬೆಳಕಿಗೆ ಅಷ್ಟು ಶಕ್ತಿ ಇಲ್ಲ.

ಇಲ್ಲೊಂದು ತಮಾಷೆ ಇದೆ. ಅಪ್ಪಟ ಪಾಲಿಥೀನ್ ಆಗಲಿ ಪಾಲಿಪ್ರೊಪಿಲೀನ್ ಆಗಲಿ ಈ ಯುವಿಯನ್ನು ಹೀರುವುದೇ ಇಲ್ಲ. ಹೀರದಿದ್ದರೆ ಹಾಳಾಗಬಾರದು, ಅಲ್ವಾ? ಆದರೆ ಅಪ್ಪಟವಾದದ್ದು ಎಲ್ಲೂ ಸಿಗುವುದಿಲ್ಲ. ಕಾಯಿಸಿ, ಕರಗಿಸಿ, ಅಚ್ಚಿಗೆ ಹಾಕುವಾಗಲೇ ಅಲ್ಲಲ್ಲಿ ಆಮ್ಲಜನಕ ಸೇರಿಕೊಂಡಿರುತ್ತದೆ. ತಯಾರಿಕೆಗೆ ಬಳಸಿದ ಲೋಹದ ವೇಗವರ್ಧಕ ಚೂರುಪಾರು ಉಳಿದಿರುತ್ತದೆ. ಬೆಳಕು ಹಿಡಿಯುವುದು ಈ ಕೊಳೆಯನ್ನು. ಅಲ್ಲಿ ಒಂದು ಕೊಂಡಿ ಕಡಿದರೆ ಸಾಕು, ತುಂಡಾದ ಕೊನೆ ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿಯುತ್ತದೆ, ಪಕ್ಕದ ಸರಪಳಿಯಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಪೆರಾಕ್ಸೈಡ್ ಆಗುತ್ತದೆ. ಆ ಪೆರಾಕ್ಸೈಡ್ ಮೇಲೆ ಮತ್ತೆ ಬೆಳಕು ಬಿದ್ದಾಗ ಒಡೆದು ಎರಡು ಹೊಸ ತುಂಟ ಕೊನೆಗಳಾಗುತ್ತವೆ. ಒಂದು ಹೋಗಿ ಎರಡು. ಹೀಗೆ ಬೆಳೆಯುತ್ತ ಹೋಗುತ್ತದೆ. ಪಾಲಿಪ್ರೊಪಿಲೀನ್ ಸರಪಳಿಯಲ್ಲಿ ಸುಲಭವಾಗಿ ಕೀಳಬಹುದಾದ ಹೈಡ್ರೋಜನ್‌ಗಳು ಸಾಲುಸಾಲಾಗಿ ಕೂತಿರುತ್ತವೆ. ಅದಕ್ಕೇ ರಕ್ಷಕ ಬೆರೆಸದ ತೆಳು ಪಾಲಿಪ್ರೊಪಿಲೀನ್ ಹಾಳೆ ಹೊರಗಿಟ್ಟ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ.

ಬಿಸಿಲಲ್ಲಿ ಬಹುಕಾಲ ಇದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲನ್ನೇ ಹತ್ತಿರದಿಂದ ನೋಡಿ. ಮೇಲ್ಮೈ ಬಿಳಿಚಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಭೂತಗನ್ನಡಿ ಹಿಡಿದರೆ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕುಗಳ ಬಲೆ ಕಾಣುತ್ತದೆ. ಆದರೆ ಕಾಲನ್ನು ಅಡ್ಡ ಕೊಯ್ದರೆ ಒಳಗಿನದು ಹೊಚ್ಚಹೊಸದರಂತೆ ಇರುತ್ತದೆ. ಹಾಳಾದ ಪದರ ಒಂದು ಮಿಲಿಮೀಟರೂ ಇಲ್ಲ. ಆಮ್ಲಜನಕ ಒಳಗಿಳಿಯುವುದು ನಿಧಾನ, ಯುವಿಯೂ ಆಳಕ್ಕೆ ಹೋಗುವುದಿಲ್ಲ. ಹಾಗಿದ್ದರೆ ಕುರ್ಚಿ ಮುರಿಯುವುದು ಏಕೆ? ಮೇಲಿನ ಪದರದಲ್ಲಿ ಸರಪಳಿಗಳು ಗಿಡ್ಡವಾಗಿ, ಒತ್ತೊತ್ತಾಗಿ ಜೋಡಿಸಿಕೊಂಡು, ಪದರವೇ ಕುಗ್ಗುತ್ತದೆ. ಕೆಳಗಿನದು ಕುಗ್ಗುವುದಿಲ್ಲ. ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಯಾರಾದರೂ ಕೂತಾಗ ಆ ಬಿರುಕಿನ ಚೂಪು ತುದಿಯಲ್ಲಿ ಭಾರವೆಲ್ಲ ಒಟ್ಟಾಗಿ, ಬಿರುಕು ಒಳಗಿನ ಗಟ್ಟಿ ಭಾಗಕ್ಕೂ ಓಡುತ್ತದೆ. ಕುರ್ಚಿ ಲಟಕ್ಕನೆ ಮುರಿಯುತ್ತದೆ. ನಿನ್ನೆಯವರೆಗೂ ಚೆನ್ನಾಗಿತ್ತು ಅಂತ ಕೂತವರು ಹೇಳಿದರೆ ಅದು ಸುಳ್ಳಲ್ಲ.

ಈ 'ನಿನ್ನೆಯವರೆಗೂ ಚೆನ್ನಾಗಿತ್ತು' ಎಂಬುದೇ ಪರೀಕ್ಷೆ ಮಾಡುವವರ ದೊಡ್ಡ ತಲೆನೋವು. ಒಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ರಕ್ಷಕಗಳನ್ನು ಬೆರೆಸಿರುತ್ತಾರೆ. ಒಂದು ಬಗೆಯವು ಯುವಿಯನ್ನು ತಾವೇ ಹೀರಿ ಬಿಸಿಯಾಗಿ ಬದಲಿಸುತ್ತವೆ. ಇನ್ನೊಂದು ಬಗೆ ಹಾಲ್ಸ್ ಎಂದು ಕರೆಸಿಕೊಳ್ಳುವ ಅಮೈನುಗಳು. 1970ರ ದಶಕದಿಂದ ಬಳಕೆಯಲ್ಲಿವೆ. ಇವು ಆ ತುಂಟ ಕೊನೆಗಳನ್ನು ಹಿಡಿದು ಸುಮ್ಮನಾಗಿಸುತ್ತವೆ, ಕೆಲಸ ಮುಗಿದ ಮೇಲೆ ಮತ್ತೆ ಮೊದಲಿನ ರೂಪಕ್ಕೆ ಮರಳಿ ಇನ್ನೊಂದನ್ನು ಹಿಡಿಯುತ್ತವೆ. ಅರ್ಧ ಪರ್ಸೆಂಟಿಗಿಂತ ಕಡಿಮೆ ಬೆರೆಸಿದರೂ ವರ್ಷಗಟ್ಟಲೆ ಕಾಯುತ್ತವೆ. ಅಷ್ಟು ದಿನ ಹೊರಗಿನಿಂದ ಏನೂ ಬದಲಾವಣೆ ಕಾಣುವುದಿಲ್ಲ. ಒಳಗೆ ರಕ್ಷಕ ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ. ಅದು ಮುಗಿದ ದಿನದಿಂದ ಇಳಿಜಾರು ಬಲು ಕಡಿದು. ಅಂದರೆ ಸಾವಿರ ಗಂಟೆಯಲ್ಲಿ ಏನೂ ಆಗಲಿಲ್ಲ ಎಂಬುದರಿಂದ 1100ನೇ ಗಂಟೆಯ ಬಗ್ಗೆಯೂ ಭರವಸೆ ಸಿಗುವುದಿಲ್ಲ. ಇಂತಿಷ್ಟು ಗಂಟೆಗೆ ನಿಲ್ಲಿಸಿ ಪಾಸ್ ಎಂದು ಬರೆಯುವ ಪದ್ಧತಿ ನನಗೆ ಹಿಡಿಸದೆ ಇರುವುದು ಇದಕ್ಕೇ. ಮುರಿಯುವವರೆಗೆ ನಡೆಸಿದ ಪರೀಕ್ಷೆ ಮಾತ್ರ ಬಾಳಿಕೆಯ ಬಗ್ಗೆ ಏನಾದರೂ ಹೇಳುತ್ತದೆ.

ಪೈಂಟಿನ ಕತೆ ಸ್ವಲ್ಪ ಬೇರೆ. ಅಲ್ಲಿ ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್ ಒಂದೇ ಸಲಕ್ಕೆ ರಕ್ಷಕನೂ ಹೌದು, ಭಕ್ಷಕನೂ ಹೌದು. ಯುವಿಯನ್ನು ಒಳಗೆ ಬಿಡದೆ ತಡೆಯುತ್ತದೆ. ಆದರೆ ಹಾಗೆ ಹೀರಿದ ಶಕ್ತಿಯಿಂದ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ತನ್ನ ಸುತ್ತಲಿನ ಅಂಟನ್ನೇ ತಿನ್ನುತ್ತದೆ. ಅಂಟು ಸವೆದ ಮೇಲೆ ಬಿಳಿ ಪುಡಿ ಮೇಲೆ ಉಳಿಯುತ್ತದೆ. ಗೋಡೆಗೆ ಒರಗಿದರೆ ಬಟ್ಟೆಗೆ ಹತ್ತುವ ಪುಡಿ ಅದೇ. ಅನಟೇಸ್ ಎಂಬ ಹರಳಿನ ರೂಪದಲ್ಲಿ ಈ ಚಾಳಿ ಜಾಸ್ತಿ, ರೂಟೈಲ್ ರೂಪದಲ್ಲಿ ಕಡಿಮೆ. ಹೊರಗಿನ ಪೈಂಟಿಗೆ ರೂಟೈಲನ್ನೇ, ಅದಕ್ಕೂ ಸಿಲಿಕಾ ಅಥವಾ ಅಲ್ಯೂಮಿನಾದ ತೆಳು ಹೊದಿಕೆ ಹೊದಿಸಿ ಬಳಸುತ್ತಾರೆ. ಲೋಹಕ್ಕೆ ಬಳಿಯುವ ಎಪಾಕ್ಸಿ ಎಂಬ ರಾಳದ ಪೈಂಟಿನದು ಮತ್ತೊಂದು ರೀತಿ. ತುಕ್ಕಿನಿಂದ ಕಾಯುವುದರಲ್ಲಿ ಅದು ಗಟ್ಟಿಗ, ಬಿಸಿಲಿಗೆ ಮಾತ್ರ ಬೇಗ ಮಾಸಿ ಪುಡಿ ಬಿಡುತ್ತದೆ. ಹಾಗಾಗಿ ಸೇತುವೆ, ಹಡಗುಗಳಲ್ಲಿ ಎಪಾಕ್ಸಿ ಕೆಳಗಿರುತ್ತದೆ, ಮೇಲಿಂದ ಪಾಲಿಯುರೆಥೇನ್ ಹೊದಿಕೆ.

ಹೊರಗಿಟ್ಟು ಕಾಯುವುದು

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ನಂಬಬಹುದಾದ ವಿಧಾನ ಇದೇ. ಅಮೆರಿಕದ ದಕ್ಷಿಣ ಫ್ಲಾರಿಡಾ ಮತ್ತು ಅರಿಜೋನಾದ ಮರುಭೂಮಿ ಈ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗಗಳು. ಫ್ಲಾರಿಡಾದಲ್ಲಿ ಬಿಸಿಲು, ಸೆಕೆ, ಮಳೆ, ಇಬ್ಬನಿ ಎಲ್ಲ ಒಟ್ಟಿಗೆ. ಅರಿಜೋನಾದಲ್ಲಿ ಒಣ ಬಿಸಿಲು, ಹಗಲಿಗೂ ರಾತ್ರಿಗೂ ಭಾರಿ ವ್ಯತ್ಯಾಸದ ತಾಪ. ಬಯಲಲ್ಲಿ ಸಾಲುಸಾಲು ಚೌಕಟ್ಟು, ಅದರ ಮೇಲೆ ಅಂಗೈಯಗಲದ ತುಂಡುಗಳು, ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿ 45 ಡಿಗ್ರಿ ಓರೆಯಾಗಿ. ಕಾರಿನ ಬಾನೆಟ್ಟಿಗೆ ಬಳಿಯುವ ಪೈಂಟಾದರೆ 5 ಡಿಗ್ರಿ, ಕೆಳಗೆ ಕಪ್ಪು ಪೆಟ್ಟಿಗೆ. ಬಾನೆಟ್ ಮೇಲೆ ನೀರು ಹರಿದುಹೋಗದೆ ನಿಲ್ಲುತ್ತದೆ, ಲೋಹ ಸುಡುವಷ್ಟು ಕಾಯುತ್ತದೆ. ಅದೇ ಸ್ಥಿತಿ ಇಲ್ಲೂ ಬರಲಿ ಎಂದು.

ಫ್ಲಾರಿಡಾದಲ್ಲಿ ಒಂದು ವರ್ಷಕ್ಕೆ ಒಂದು ಚದರ ಮೀಟರಿಗೆ ಬೀಳುವ ಯುವಿ ಸುಮಾರು 280 ಮೆಗಾಜೂಲ್, ಅರಿಜೋನಾದಲ್ಲಿ ಸುಮಾರು 330 ಎಂಬುದು ಈ ಉದ್ಯಮದ ರೂಢಿಯ ಲೆಕ್ಕ. ಯುವಿ ಅರಿಜೋನಾದಲ್ಲೇ ಜಾಸ್ತಿ, ಆದರೂ ಎಷ್ಟೋ ಪೈಂಟುಗಳು ಮೊದಲು ಕೆಡುವುದು ಫ್ಲಾರಿಡಾದಲ್ಲಿ. ನೀರು ಸೇರಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ತುಂಡನ್ನು ಇಟ್ಟು ಬಂದರೆ ಮುಗಿಯಲಿಲ್ಲ. ನಿಗದಿ ಮಾಡಿದ ತಿಂಗಳಿಗೊಮ್ಮೆ ಇಳಿಸಿ ಅಳೆಯುತ್ತಾರೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ಹೊಳಪು ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಬಣ್ಣವನ್ನು ಉಪಕರಣದಲ್ಲಿ ಅಳೆದು ಮೊದಲಿನ ಬಣ್ಣದಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಡೆಲ್ಟಾ ಇ ಎಂಬ ಒಂದೇ ಸಂಖ್ಯೆಯಲ್ಲಿ ಬರೆಯುತ್ತಾರೆ. ಪುಡಿ ಬಿಡುತ್ತಿದೆಯೇ ಎಂದು ತಿಳಿಯಲು ಅಂಟುಪಟ್ಟಿ ಒತ್ತಿ ಕಿತ್ತು, ಅದಕ್ಕೆ ಹತ್ತಿದ ಬಿಳಿಯನ್ನು ಚಿತ್ರಗಳ ಜೊತೆ ಹೋಲಿಸುತ್ತಾರೆ. ಪ್ಲಾಸ್ಟಿಕ್ಕಾದರೆ ಎಳೆದು ನೋಡುತ್ತಾರೆ, ತುಂಡಾಗುವ ಮುಂಚೆ ಮೊದಲು ಹಿಗ್ಗುತ್ತಿದ್ದುದರ ಅರ್ಧದಷ್ಟಾದರೂ ಹಿಗ್ಗುತ್ತದೆಯೇ ಅಂತ. ಬಣ್ಣ ಒಂಚೂರೂ ಮಾಸದೆ ಹಿಗ್ಗುವ ಗುಣ ಪೂರ್ತಿ ಹೋಗಿರಬಹುದು. ಇದರ ತಿರುವುಮುರುವೂ ಆಗಬಹುದು. ಆದ್ದರಿಂದ 'ಯಾವ ಬದಲಾವಣೆಯೂ ಇಲ್ಲ' ಅಂತ ಬರೆದಿದ್ದರೆ, ಅಳೆದದ್ದು ಏನನ್ನು ಎಂದು ಮೊದಲು ಕೇಳಬೇಕು.

ಹೊರಗಿನ ಪರೀಕ್ಷೆಯ ಕೊರತೆ ಎಲ್ಲರಿಗೂ ಗೊತ್ತಿರುವುದೇ, ಕಾಲ. ಇನ್ನೊಂದು ಕೊರತೆಯನ್ನು ಜನ ಮರೆಯುತ್ತಾರೆ. ಒಂದು ವರ್ಷದ ಹವೆ ಇನ್ನೊಂದು ವರ್ಷ ಇರುವುದಿಲ್ಲ. ಬೇಸಿಗೆಯ ಮುಂಚೆ ಇಟ್ಟ ತುಂಡಿಗೂ ಚಳಿಗಾಲದ ಮುಂಚೆ ಇಟ್ಟದ್ದಕ್ಕೂ ಒಂದೇ ವರ್ಷದಲ್ಲಿ ಬೇರೆ ಬೇರೆ ಫಲಿತಾಂಶ ಬರುತ್ತದೆ. ಹೊರಗಿನದು ಅಸಲಿ, ಪೆಟ್ಟಿಗೆಯದು ನಕಲಿ ಅಂತ ಭಾಗ ಮಾಡಿ ಕೂರುವವರಿಗೆ ಇದು ನೆನಪಿರಲಿ. ಅಸಲಿಯೂ ಒಂದೇ ಸಮ ಇಲ್ಲ.

ಇವೆರಡರ ನಡುವೆ ಒಂದು ಜಾಣ ಉಪಾಯವೂ ಇದೆ. ಅರಿಜೋನಾದಲ್ಲಿ ಸೂರ್ಯನನ್ನು ಹಿಂಬಾಲಿಸುವ ಹತ್ತು ಕನ್ನಡಿಗಳಿಂದ ಬಿಸಿಲನ್ನು ಒಂದೇ ತುಂಡಿನ ಮೇಲೆ ಕೂಡಿಸುತ್ತಾರೆ, ಬೇಯದಿರಲಿ ಎಂದು ಫ್ಯಾನ್ ಗಾಳಿ ಬಿಡುತ್ತಾರೆ, ಆಗಾಗ ನೀರು ಚಿಮುಕಿಸುತ್ತಾರೆ. ವರ್ಷಕ್ಕೆ ಫ್ಲಾರಿಡಾದ ಸುಮಾರು ಐದು ವರ್ಷದಷ್ಟು ಯುವಿ ಸಿಗುತ್ತದೆ. ಬೆಳಕು ಅಪ್ಪಟ ಸೂರ್ಯನದ್ದೇ. ಆದರೆ ರಾತ್ರಿಗಳು ಐದು ವರ್ಷದಷ್ಟು ಬರುವುದಿಲ್ಲ.

ಪೆಟ್ಟಿಗೆಯೊಳಗಿನ ಸೂರ್ಯ

ಬಿಸಿಲನ್ನು ಒಳಗೆ ತರುವ ಪ್ರಯತ್ನಕ್ಕೆ ನೂರು ವರ್ಷದ ಇತಿಹಾಸ ಇದೆ. 1910ರ ದಶಕದ ಕೊನೆಗೆ ಬಟ್ಟೆಯ ಬಣ್ಣ ಮಾಸುವುದನ್ನು ನೋಡಲು ಕಾರ್ಬನ್ ಆರ್ಕ್ ದೀಪ ಬಂತು. 1950ರ ದಶಕದಲ್ಲಿ ಝೆನಾನ್ ಆರ್ಕ್. ಆಮೇಲೆ ಟ್ಯೂಬ್‌ಲೈಟ್ ರೂಪದ ಯುವಿ ದೀಪಗಳು. ಇಂದು ಬಳಕೆಯಲ್ಲಿ ಮುಖ್ಯವಾಗಿ ಇರುವುದು ಕೊನೆಯ ಎರಡು.

ಝೆನಾನ್ ದೀಪದ ಬೆಳಕು ಸರಿಯಾದ ಶೋಧಕ ಗಾಜು ಹಾಕಿದರೆ ಯುವಿಯಿಂದ ಕೆಂಪಿನವರೆಗೆ ಬಿಸಿಲನ್ನು ಹೆಚ್ಚೂಕಡಿಮೆ ಹೋಲುತ್ತದೆ. ಟ್ಯೂಬ್ ದೀಪಗಳದ್ದು ಬರೀ ಯುವಿ. ಅದರಲ್ಲಿ ಯುವಿಎ-340 ಎಂಬ ದೀಪ 295ರಿಂದ ಸುಮಾರು 365 ನ್ಯಾನೊಮೀಟರ್‌ವರೆಗೆ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ. ಯುವಿಬಿ-313 ಎಂಬ ದೀಪ ಹಾಗಲ್ಲ. ನೆಲಕ್ಕೆ ಬರುವ ಬಿಸಿಲು ಸುಮಾರು 295 ನ್ಯಾನೊಮೀಟರ್ ಹತ್ತಿರ ನಿಂತುಹೋಗುತ್ತದೆ, ಅದಕ್ಕಿಂತ ಗಿಡ್ಡ ಅಲೆಗಳನ್ನು ಓಝೋನ್ ತಡೆಯುತ್ತದೆ. ಯುವಿಬಿ-313 ಆ ಗಡಿಯ ಕೆಳಗೂ ಬೆಳಕು ಬಿಡುತ್ತದೆ. ಫಲಿತಾಂಶ ಬೇಗ ಬರುತ್ತದೆ, ನಿಜ. ಆದರೆ ಹೊರಗೆ ಎಂದೂ ನಡೆಯದ ರಾಸಾಯನಿಕ ಕ್ರಿಯೆಗಳು ಅಲ್ಲಿ ನಡೆಯುತ್ತವೆ. ಪಾಲಿಕಾರ್ಬೊನೇಟ್‌ನಂಥವು ಅಲ್ಲಿ ಅತಿಯಾಗಿ ಹಳದಿಯಾಗುತ್ತವೆ. ಎರಡು ಪ್ಲಾಸ್ಟಿಕ್ಕುಗಳಲ್ಲಿ ಹೊರಗೆ ಯಾವುದು ಮೇಲೋ ಅದೇ ಇಲ್ಲಿ ಕೀಳಾಗಿ ಕಾಣಬಹುದು. ಒಂದೇ ಕಾರ್ಖಾನೆಯ ಎರಡು ಬ್ಯಾಚುಗಳಲ್ಲಿ ಏರುಪೇರಾಗಿದೆಯೇ ಎಂದು ಬೇಗ ತಿಳಿಯಲು ಇದು ಸಾಕು. ಬಾಳಿಕೆ ಹೇಳಲು ಇದನ್ನು ಮುಂದಿಟ್ಟರೆ ನಾನಂತೂ ಮುಂದೆ ಓದುವುದಿಲ್ಲ.

ಈಗ ಶೀರ್ಷಿಕೆಯ ಲೆಕ್ಕ ಮಾಡೋಣ. ಮೂರು ಪರೀಕ್ಷೆಗಳು, ಮೂರೂ ಸಾವಿರ ಗಂಟೆ. ಎಲ್ಲದರಲ್ಲೂ 340 ನ್ಯಾನೊಮೀಟರ್ ಬಳಿ ಎಷ್ಟು ಬೆಳಕು ಬಿತ್ತು ಅಂತ ನೋಡುವುದು ರೂಢಿ. ಮೊದಲನೆಯದು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಜಿ154 ಪರೀಕ್ಷೆಯ ಮೊದಲ ಆವರ್ತನ (ಬೆಳಕು, ಕತ್ತಲೆ, ನೀರು ಸರದಿಯಲ್ಲಿ ಬರುವ ಸುತ್ತು), ಯುವಿಎ-340 ದೀಪ. 8 ಗಂಟೆ 60 ಡಿಗ್ರಿಯಲ್ಲಿ ಬೆಳಕು, 4 ಗಂಟೆ 50 ಡಿಗ್ರಿಯಲ್ಲಿ ಕತ್ತಲೆ ಮತ್ತು ಆವಿಯ ಹನಿ. ಬೆಳಕಿನ ತೀವ್ರತೆ ಚದರ ಮೀಟರಿಗೆ, ನ್ಯಾನೊಮೀಟರಿಗೆ 0.89 ವ್ಯಾಟ್. ಸಾವಿರದಲ್ಲಿ ಬೆಳಕು ಇರುವುದು ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 667 ಗಂಟೆ. ಗುಣಿಸಿದರೆ 2.14 ಮೆಗಾಜೂಲ್. ಎರಡನೆಯದು ಕಾರು ಉದ್ಯಮದ ಎಸ್‌ಎಇ ಜೆ2527, ಝೆನಾನ್ ದೀಪ, 0.55 ವ್ಯಾಟ್, ಇಲ್ಲೂ ಬೆಳಕು ಮೂರರಲ್ಲಿ ಎರಡು ಪಾಲು. ಬರುವುದು 1.32 ಮೆಗಾಜೂಲ್. ಮೂರನೆಯದು ಎಎಸ್‌ಟಿಎಂ ಜಿ155ರ ಮೊದಲ ಆವರ್ತನ, ಝೆನಾನ್, ದೀಪ ಆರುವುದೇ ಇಲ್ಲ, ಆದರೆ ತೀವ್ರತೆ 0.35 ವ್ಯಾಟ್. ಬರುವುದು 1.26. ಒಂದರಲ್ಲಿ ಬಿದ್ದ ಬೆಳಕು ಇನ್ನೊಂದರ ಒಂದೂಮುಕ್ಕಾಲು ಪಟ್ಟಿಗೆ ಹತ್ತಿರ. ಮೂರಕ್ಕೂ ವಿವರಪಟ್ಟಿಯಲ್ಲಿ ಬರುವ ಸಾಲು ಒಂದೇ, '1000 ಗಂಟೆ ಪಾಸ್'.

ಸರಿ, ಗಂಟೆ ಬಿಟ್ಟು ಮೆಗಾಜೂಲ್ ಹೇಳಿದರೆ ಆಯ್ತಲ್ಲ? ಗಂಟೆಗಿಂತ ವಾಸಿ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಬೆಳಕನ್ನು ನಾಲ್ಕು ಪಟ್ಟು ಮಾಡಿದರೆ ಹಾನಿಯೂ ನಾಲ್ಕು ಪಟ್ಟು ಬೇಗ ಆಗಬೇಕು ಅನ್ನಿಸುತ್ತದೆ. ಎಷ್ಟೋ ವಸ್ತುಗಳಲ್ಲಿ ಹಾಗೆ ಆಗುವುದಿಲ್ಲ. ಬೆಳಕು ಜೋರಾದಾಗ ಆ ತುಂಟ ಕೊನೆಗಳ ಸಂಖ್ಯೆ ಏರುತ್ತದೆ, ಏರಿದಾಗ ಅವು ಒಂದಕ್ಕೊಂದು ಸಿಕ್ಕಿ ತಾವೇ ಮುಗಿದುಹೋಗುವುದೂ ಜಾಸ್ತಿಯಾಗುತ್ತದೆ. ಮುಗಿಯುವುದು ಪೂರ್ತಿ ಹೀಗೇ ಆದರೆ, ಕ್ರಿಯೆಯ ವೇಗ ಬೆಳಕಿನ ವರ್ಗಮೂಲದ ಪ್ರಕಾರ ಏರುತ್ತದೆ. ನಾಲ್ಕು ಪಟ್ಟು ಬೆಳಕಿಗೆ ಎರಡೇ ಪಟ್ಟು ವೇಗ. ಜೊತೆಗೆ ಆಮ್ಲಜನಕದ ಸಮಸ್ಯೆ. ಕ್ರಿಯೆ ಓಡುವ ವೇಗಕ್ಕೆ ಅದು ಒಳಗೆ ಇಳಿಯಲಾರದು. ಹಾಗಾಗಿ ಪೆಟ್ಟಿಗೆಯಲ್ಲಿ ಹಾನಿಯೆಲ್ಲ ತೀರಾ ಮೇಲ್ಪದರದಲ್ಲೇ ಉಳಿದು, ಹೊರಗೆ ಅದಕ್ಕಿಂತ ಆಳಕ್ಕೆ ಹೋಗಬಹುದು.

ತಾಪದ ವಿಚಾರ ಇನ್ನೂ ಸಿಕ್ಕುಸಿಕ್ಕು. ಶಾಖ ಏರಿಸಿದರೆ ವೇಗ ಏರುತ್ತದೆ, ಆದರೆ ಪ್ರತಿ ಕ್ರಿಯೆಗೂ ಬೇರೆ ಬೇರೆ ಪ್ರಮಾಣದಲ್ಲಿ. ಇದರ ಮೇಲೆ, ಪೈಂಟು ಒಂದು ತಾಪದ ಕೆಳಗೆ ಗಾಜಿನಂತೆ ಗಡುಸು, ಅದರ ಮೇಲೆ ರಬ್ಬರಿನಂತೆ ಮೆದು. ಹೊರಗೆ ಎಂದೂ ದಾಟದ ಆ ಗೆರೆಯನ್ನು ಪೆಟ್ಟಿಗೆಯಲ್ಲಿ ದಾಟಿಸಿದರೆ ಪರೀಕ್ಷಿಸುತ್ತಿರುವುದು ಬೇರೆ ವಸ್ತುವನ್ನೇ.

ಎಲ್ಲರೂ ಕಡೆಗಣಿಸಿದ ನೀರು

ಬಿಸಿಲಿನ ಪರೀಕ್ಷೆ ಅಂತ ಹೆಸರಿಟ್ಟುಕೊಂಡು ಬೆಳಕಿನ ಹಿಂದೆ ಬಿದ್ದವರು ಬಹಳ ಕಾಲ ನೀರನ್ನು ಲಘುವಾಗಿ ತೆಗೆದುಕೊಂಡರು. ಝೆನಾನ್ ಪೆಟ್ಟಿಗೆಯಲ್ಲಿ ಮಧ್ಯೆ ಮಧ್ಯೆ ಕೆಲವು ನಿಮಿಷ ಚಿಮುಕಿಸಿದರೆ ಮಳೆಯಾಯಿತು ಎಂಬ ಭಾವನೆ. ಹೊರಗೆ ವಸ್ತುವನ್ನು ತೇವವಾಗಿ ಇಡುವುದು ಮಳೆಗಿಂತ ಹೆಚ್ಚಾಗಿ ಇಬ್ಬನಿ. ಮಳೆ ಬಂದು ಹೋಗುತ್ತದೆ. ಇಬ್ಬನಿ ಸಂಜೆ ಕೂತರೆ ಬೆಳಗಿನ ಬಿಸಿಲು ಏರುವವರೆಗೆ ಏಳುವುದಿಲ್ಲ. ಅಷ್ಟು ಹೊತ್ತು ಪೈಂಟು ನೀರು ಕುಡಿಯುತ್ತಲೇ ಇರುತ್ತದೆ. ಪದರದ ತಳದವರೆಗೂ ನೀರು ಇಳಿಯಲು ಅಷ್ಟು ಸಮಯ ಬೇಕೇ ಬೇಕು. ಕಾರಿನ ಪಾರದರ್ಶಕ ಮೇಲುಹೊದಿಕೆ ತನ್ನ ಕೆಳಗಿನ ಬಣ್ಣದಿಂದ ಸುಲಿದು ಬರುವುದು, ಗುಳ್ಳೆ ಏಳುವುದು, ಇವೆಲ್ಲ ತಳಕ್ಕೆ ನೀರು ಮುಟ್ಟಿದಾಗ ಆಗುವ ತೊಂದರೆಗಳು. ಇಪ್ಪತ್ತು ನಿಮಿಷದ ತುಂತುರಿನಿಂದ ಅವು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಪಾಸಾದ ಪೈಂಟು ರಸ್ತೆಯಲ್ಲಿ ಸುಲಿದದ್ದಕ್ಕೆ ಒಂದು ಕಾರಣ ಇದು.

ಫೋರ್ಡ್, ಬೋಯಿಂಗ್ ಸೇರಿದಂತೆ ಹಲವು ಕಂಪನಿಗಳು ಮತ್ತು ಪರೀಕ್ಷಾ ಯಂತ್ರ ತಯಾರಕರು ಒಟ್ಟಾಗಿ ವರ್ಷಗಟ್ಟಲೆ ಇದನ್ನು ಹಿಂಬಾಲಿಸಿದರು. ಅವರು ಮೊದಲು ಮಾಡಿದ ಕೆಲಸ ಮೆಚ್ಚುವಂಥದ್ದು: ಫ್ಲಾರಿಡಾದಲ್ಲಿ ಪೈಂಟು ನಿಜಕ್ಕೂ ಎಷ್ಟು ನೀರು ಕುಡಿಯುತ್ತದೆ ಅಂತ ಅಳೆದರು, ಆಮೇಲೆ ಪೆಟ್ಟಿಗೆಯಲ್ಲಿ ಅಷ್ಟೇ ಕುಡಿಯುವ ಹಾಗೆ ಆವರ್ತನ ಹೆಣೆದರು. ಗಂಟೆಗಟ್ಟಲೆ ಕತ್ತಲೆಯಲ್ಲಿ ನೆನೆಸುವುದು, ಆಮೇಲೆ ಬೆಳಕು, ಆಮೇಲೆ ಸಣ್ಣ ಸಣ್ಣ ಆವರ್ತನಗಳು. ಗಿಡ್ಡ ಅಲೆಗಳನ್ನು ಬಿಸಿಲಿನಷ್ಟೇ ಕತ್ತರಿಸುವ ಶೋಧಕವನ್ನೂ ಕಡ್ಡಾಯ ಮಾಡಿದರು. ಅದು 2013ರಲ್ಲಿ ಎಎಸ್‌ಟಿಎಂ ಡಿ7869 ಎಂಬ ಮಾನದಂಡವಾಗಿ ಬಂತು. ಇಲ್ಲಿ ವೇಗವನ್ನು ಮೊದಲು ನಿಗದಿ ಮಾಡಿಕೊಂಡು ಕೂತಿರಲಿಲ್ಲ. ಹೊರಗೆ ಆಗುವ ಕೆಡುಕು ಒಳಗೂ ಅದೇ ರೂಪದಲ್ಲಿ ಬರಲಿ, ವೇಗ ಆಮೇಲೆ ಎಂಬ ಕ್ರಮ. ಸರಿಯಾದ ಕ್ರಮ ಇದೇ.

ಒಂದೊಂದನ್ನೇ ಪರೀಕ್ಷಿಸಿದರೆ ಏನಾಗುತ್ತದೆ

ಸೋಲಾರ್ ಪ್ಯಾನೆಲ್ಲಿನ ಹಿಂಬದಿಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಬ್ಯಾಕ್‌ಶೀಟ್. ಒಳಗಿನ ವಿದ್ಯುತ್ ಹೊರಗೆ ಸೋರದಂತೆ ತಡೆಯುವುದು, ತೇವ ಒಳಬರದಂತೆ ನೋಡಿಕೊಳ್ಳುವುದು ಅದರ ಕೆಲಸ. 2010ರ ಸುಮಾರಿಗೆ ಪಾಲಿಅಮೈಡ್‌ನಿಂದ ಮಾಡಿದ ಅಗ್ಗದ ಬ್ಯಾಕ್‌ಶೀಟ್ ಹಾಕಿದ ಪ್ಯಾನೆಲ್ಲುಗಳು ಭಾರಿ ಸಂಖ್ಯೆಯಲ್ಲಿ ಮಾರಾಟವಾದವು. ಎಲ್ಲಕ್ಕೂ ಐಇಸಿ 61215 ಮಾನದಂಡದ ಪ್ರಮಾಣಪತ್ರ ಇತ್ತು. ಕೆಲವೇ ವರ್ಷಗಳಲ್ಲಿ ಆ ಹಾಳೆಗಳು ಬಿರುಕು ಬಿಟ್ಟವು, ಸೆಲ್‌ಗಳ ನಡುವಿನ ಸಂದಿನಲ್ಲಿ ಉದ್ದಕ್ಕೆ ಗೆರೆ ಎಳೆದ ಹಾಗೆ. ಖಾತರಿ ಕೊಟ್ಟಿದ್ದು 25 ವರ್ಷಕ್ಕೆ.

ಪ್ರಮಾಣಪತ್ರ ಸುಳ್ಳಾಗಿರಲಿಲ್ಲ. ಪರೀಕ್ಷೆಯ ಹೆಣಿಗೆಯಲ್ಲೇ ತೂತಿತ್ತು. ಆ ಮಾನದಂಡದಲ್ಲಿ 85 ಡಿಗ್ರಿ ತಾಪ ಮತ್ತು ನೂರಕ್ಕೆ 85 ಆರ್ದ್ರತೆಯಲ್ಲಿ 1000 ಗಂಟೆ ಇಡುವ ಪರೀಕ್ಷೆ ಇದೆ. ಮೈನಸ್ 40ರಿಂದ 85 ಡಿಗ್ರಿಗೆ 200 ಸಲ ಏರಿಳಿಸುವ ಪರೀಕ್ಷೆ ಇದೆ. ಯುವಿ ಪರೀಕ್ಷೆಯೂ ಇದೆ, ಚದರ ಮೀಟರಿಗೆ 15 ಕಿಲೊವ್ಯಾಟ್ ಗಂಟೆ. ಆದರೆ ದೀರ್ಘ ತೇವದ ಪರೀಕ್ಷೆಗೆ ಹೋಗುವ ಪ್ಯಾನೆಲ್ ಬೇರೆ, ಯುವಿಗೆ ಹೋಗುವ ಪ್ಯಾನೆಲ್ ಬೇರೆ. ಹೊರಗೆ ಒಂದೇ ಪ್ಯಾನೆಲ್ ಎಲ್ಲವನ್ನೂ ಅನುಭವಿಸುತ್ತದೆ. ಇನ್ನು ಆ 15 ಕಿಲೊವ್ಯಾಟ್ ಗಂಟೆ ಅಂದರೆ 54 ಮೆಗಾಜೂಲ್. ಫ್ಲಾರಿಡಾದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ, ಮೂರು ತಿಂಗಳ ಬಿಸಿಲೂ ಆಗುವುದಿಲ್ಲ. ಅದೂ ಬೀಳುವುದು ಪ್ಯಾನೆಲ್ಲಿನ ಮುಂಬದಿಗೆ. ಹಿಂಬದಿಗೆ ಹೊರಗಡೆ ನೆಲದಿಂದ ಚಿಮ್ಮಿ ಬರುವ ಬೆಳಕು ಮುಂಬದಿಯದರ ಒಂದು ಚಿಕ್ಕ ಪಾಲು ಮಾತ್ರ ಎಂಬುದು ನಿಜ, ಆದರೆ 25 ವರ್ಷ ಬೀಳುತ್ತಲೇ ಇರುತ್ತದೆ.

ಸಂಶೋಧಕರು ಆಮೇಲೆ ಒಂದೇ ಪ್ಯಾನೆಲ್ಲನ್ನು ತೇವ, ಯುವಿ, ತಾಪದ ಏರಿಳಿತ, ಮತ್ತೆ ಯುವಿ, ಮತ್ತೆ ಏರಿಳಿತ ಎಂದು ಸರದಿಯಲ್ಲಿ ಹಾಯಿಸಿದಾಗ ಹೊರಗೆ ಕಂಡ ಅದೇ ಬಿರುಕುಗಳು ಒಳಗೂ ಬಂದವು. ನೀರು ಮತ್ತು ಬೆಳಕು ಹಾಳೆಯನ್ನು ಪೆಡಸು ಮಾಡುತ್ತವೆ. ಹಗಲು ರಾತ್ರಿಯ ಹಿಗ್ಗು ಕುಗ್ಗು ಅದನ್ನು ಎಳೆದು ಸೀಳುತ್ತದೆ. ಒಂದಿಲ್ಲದೆ ಇನ್ನೊಂದು ನಿರುಪದ್ರವಿ. ಸಾವಿರ ಗಂಟೆ ತೇವದಲ್ಲಿಟ್ಟು ಪಾಸ್ ಕೊಟ್ಟವರಿಗೆ ಇದು ಕಾಣಲು ದಾರಿಯೇ ಇರಲಿಲ್ಲ.

ರಕ್ಷಕಕ್ಕೇ ನಿಷೇಧ ಬಿದ್ದಾಗ

ಯುವಿ-328 ಎಂಬುದು ಪ್ಲಾಸ್ಟಿಕ್ಕಿನಲ್ಲೂ ಕಾರಿನ ಪೈಂಟಿನಲ್ಲೂ ಬಹುಕಾಲ ಬಳಕೆಯಲ್ಲಿದ್ದ ಯುವಿ ಹೀರುಕ. ಪರಿಸರದಲ್ಲಿ ಕರಗದೆ ಉಳಿಯುತ್ತದೆ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆ, ಎಲ್ಲಿಂದೆಲ್ಲಿಗೋ ಸಾಗುತ್ತದೆ ಎಂಬ ಕಾರಣಕ್ಕೆ 2023ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಕೆಲವು ಬಳಕೆಗಳಿಗೆ ಕಾಲಮಿತಿಯ ವಿನಾಯಿತಿಯೊಂದಿಗೆ. ಅದೇ ವರ್ಷ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ಪಿಎಫ್‌ಎಎಸ್ ಎಂಬ, ಫ್ಲೋರಿನ್ ಇರುವ, ಸುಲಭವಾಗಿ ಒಡೆಯದ ಗುಂಪಿನ ರಾಸಾಯನಿಕಗಳಿಗೆಲ್ಲ ಯುರೋಪಿನಲ್ಲಿ ಕಡಿವಾಣ ಹಾಕುವ ಪ್ರಸ್ತಾವ ಮುಂದಿಟ್ಟವು. ಎತ್ತರದ ಕಟ್ಟಡಗಳ ಅಲ್ಯೂಮಿನಿಯಂ ಹೊದಿಕೆಗೆ ಬಳಿಯುವ, ಫ್ಲೋರಿನ್ ಇರುವ ಪಿವಿಡಿಎಫ್ ಪ್ಲಾಸ್ಟಿಕ್ಕಿನ ಲೇಪನವೂ ಆ ವ್ಯಾಪ್ತಿಗೆ ಬರುತ್ತದೆ. ಬಿಸಿಲಿಗೆ ಅದರಷ್ಟು ತಾಳುವ ಪೈಂಟು ಕಮ್ಮಿ.

ಪರಿಸರದ ಕಾಳಜಿ ತಪ್ಪು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ತೊಡಕು ಇರುವುದು ಕಾಲದ ಲೆಕ್ಕದಲ್ಲಿ. ಪಿವಿಡಿಎಫ್ ಗಳಿಸಿರುವ ಹೆಸರು ಎಎಎಂಎ 2605 ಎಂಬ ಮಾನದಂಡದಿಂದ. ಅದು ಕೇಳುವುದು ದಕ್ಷಿಣ ಫ್ಲಾರಿಡಾದಲ್ಲಿ ಪೂರ್ತಿ 10 ವರ್ಷ. ಆ ಹತ್ತು ವರ್ಷದ ಕೊನೆಗೆ ಹೊಳಪು ಅರ್ಧಕ್ಕಿಂತ ಕೆಳಗೆ ಇಳಿದಿರಬಾರದು, ಬಣ್ಣ 5 ಡೆಲ್ಟಾ ಇಗಿಂತ ಜಾಸ್ತಿ ಸರಿದಿರಬಾರದು. ಅದಕ್ಕಿಂತ ಕೆಳಗಿನ ಎಎಎಂಎ 2604ಕ್ಕೆ 5 ವರ್ಷ ಸಾಕು. ಹೊಸ ಲೇಪನ ಕಂಡುಹಿಡಿದವರು ಇಂದು ತುಂಡುಗಳನ್ನು ಚೌಕಟ್ಟಿಗೆ ಏರಿಸಿದರೆ 2605ರ ಉತ್ತರಕ್ಕೆ ಹತ್ತು ವರ್ಷ ಕಾಯಬೇಕು. ಕಟ್ಟಡ ಕಟ್ಟುವವರು ಕಾಯುತ್ತಾರೆಯೇ? ಪೆಟ್ಟಿಗೆಯ ಸಂಖ್ಯೆ ತೋರಿಸಿ ಮಾರುವ ಒತ್ತಡ ಬಂದೇ ಬರುತ್ತದೆ.

ಹಾಗಂತ ಪೆಟ್ಟಿಗೆ ವ್ಯರ್ಥ ಅಲ್ಲ. ಅದನ್ನು ಪ್ರಾಮಾಣಿಕವಾಗಿ ಬಳಸುವ ದಾರಿ ಇದೆ. ಹೊರಗೆ ಹೇಗೆ ಬಾಳುತ್ತದೆ ಎಂಬುದು ದಶಕಗಳಿಂದ ಗೊತ್ತಿರುವ ಒಂದೆರಡು ಹಳೆಯ ವಸ್ತುಗಳನ್ನು, ಒಂದು ಒಳ್ಳೆಯದು, ಒಂದು ಕೆಟ್ಟದ್ದು, ಹೊಸದರ ಪಕ್ಕದಲ್ಲೇ ಅದೇ ಪೆಟ್ಟಿಗೆಯಲ್ಲಿ ಇಡಬೇಕು. ಒಳ್ಳೆಯದು ಒಳ್ಳೆಯದಾಗಿ, ಕೆಟ್ಟದ್ದು ಕೆಟ್ಟದ್ದಾಗಿ ಬಂದರೆ, ಅದೂ ಹೊರಗೆ ಕೆಡುವ ರೀತಿಯಲ್ಲೇ ಕೆಟ್ಟರೆ, ಹೊಸದು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅರ್ಥ ಬರುತ್ತದೆ. ಬರುವ ಉತ್ತರ ಇಷ್ಟು ವರ್ಷ ಎಂದಲ್ಲ, ಹಳೆಯದಕ್ಕಿಂತ ಮೇಲೋ ಕೀಳೋ ಎಂದು. ಮೇಲ್ಮೈಯನ್ನು ಅತಿಕೆಂಪು ಬೆಳಕಿನಲ್ಲಿ ನೋಡಿ, ಸೆಂಟಿಮೀಟರಿಗೆ 1700 ಅಲೆಗಳ ಆಸುಪಾಸಿನಲ್ಲಿ ಏಳುವ ಕಾರ್ಬೊನಿಲ್ ಗೆರೆಯನ್ನು, ಅಂದರೆ ಆಮ್ಲಜನಕ ಸೇರಿದ್ದರ ಗುರುತನ್ನು, ಹೊರಗಿಟ್ಟ ತುಂಡಿನದರ ಜೊತೆ ಹೋಲಿಸಿದರೆ ಇನ್ನೂ ಭದ್ರ. ಎರಡೂ ಕಡೆ ಅದೇ ರಸಾಯನ ನಡೆಯುತ್ತಿದೆಯೇ ಎಂಬುದು ಕಣ್ಣಿಗೆ ಬಿರುಕು ಕಾಣುವ ಬಹಳ ಮುಂಚೆಯೇ ಅಲ್ಲಿ ತಿಳಿಯುತ್ತದೆ. ಸಾಮಾನು ಕೊಳ್ಳುವವರು ಇಷ್ಟೆಲ್ಲ ಮಾಡಲಾರರು. ಆದರೆ ಯಾವ ದೀಪ, ಕತ್ತಲೆಯಲ್ಲಿ ಎಷ್ಟು ಹೊತ್ತು ನೆನೆಸಿದಿರಿ, ಪಕ್ಕದಲ್ಲಿ ಏನನ್ನು ಇಟ್ಟಿದ್ದಿರಿ ಎಂದು ಕೇಳಬಹುದು. ಮೂರಕ್ಕೂ ನೇರ ಉತ್ತರ ಕೊಡುವ ತಯಾರಕರ ಸಂಖ್ಯೆಗೆ ನಾನು ಬೆಲೆ ಕೊಡುತ್ತೇನೆ.

ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ ಮರುಬಳಕೆಯ ಪ್ಲಾಸ್ಟಿಕ್ಕಿನದು. ಹೊಸ ಪ್ಲಾಸ್ಟಿಕ್ಕಿನಲ್ಲಿ ಏನು ಬೆರೆಸಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ. ಮರುಬಳಕೆಯದ್ದರಲ್ಲಿ ಹತ್ತಾರು ಕಡೆಯ ಡಬ್ಬ, ಕ್ರೇಟು, ಹಾಳೆಗಳು ಸೇರಿರುತ್ತವೆ. ಕೆಲವು ವರ್ಷಗಟ್ಟಲೆ ಬಿಸಿಲು ಕಂಡು ರಕ್ಷಕ ಕಳೆದುಕೊಂಡವು, ಕೆಲವು ಬಿಸಿಲನ್ನೇ ಕಾಣದವು. ಈಗಾಗಲೇ ಆಮ್ಲಜನಕ ಹಿಡಿದ ಭಾಗಗಳು ಹೊಸ ಸಾಮಾನಿನಲ್ಲಿ ಬೆಳಕು ಹೀರುವ ಕೊಳೆಯಾಗಿ ಮೊದಲ ದಿನದಿಂದಲೇ ಕೆಲಸ ಶುರು ಮಾಡುತ್ತವೆ. ಇವತ್ತಿನ ಬ್ಯಾಚನ್ನು ಆರು ತಿಂಗಳು ಪರೀಕ್ಷಿಸಿ ಪಾಸ್ ಮಾಡಿದರೆ ಮುಂದಿನ ವಾರದ ಬ್ಯಾಚಿಗೆ ಅದು ಅನ್ವಯಿಸುವುದೇ? ಕೆಲವರು ಬೇಗ ಆಗಲಿ ಎಂದು ಆಮ್ಲಜನಕದಲ್ಲಿ ಕಾಯಿಸಿ, ಕ್ರಿಯೆ ಶುರುವಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಅಳೆದು ಬ್ಯಾಚ್ ಒಪ್ಪಿಕೊಳ್ಳುತ್ತಾರೆ. ಆದರೆ ಅದು ಹೇಳುವುದು ಶಾಖದಿಂದ ಕಾಯುವ ರಕ್ಷಕ ಎಷ್ಟು ಉಳಿದಿದೆ ಎಂಬುದನ್ನು. ಹಾಲ್ಸ್ ಅಷ್ಟು ಜೋರು ಶಾಖದಲ್ಲಿ ಕೆಲಸ ಮಾಡುವುದೇ ಇಲ್ಲ, ಹಾಗಾಗಿ ಆ ನಿಮಿಷಗಳ ಲೆಕ್ಕಕ್ಕೂ ಬಿಸಿಲಿನಲ್ಲಿ ಬಾಳುವುದಕ್ಕೂ ನೇರ ಸಂಬಂಧ ಇಲ್ಲ. ಸದ್ಯಕ್ಕೆ ಚಾಲ್ತಿಯಲ್ಲಿರುವ ದಾರಿ ಎಂದರೆ ಹಳೆಯದರಲ್ಲಿ ಏನೂ ಉಳಿದಿಲ್ಲ ಎಂದೇ ಇಟ್ಟುಕೊಂಡು, ಪೂರ್ತಿ ಪ್ರಮಾಣದ ಹಾಲ್ಸ್ ಹೊಸದಾಗಿ ಬೆರೆಸುವುದು. ಖರ್ಚು ಏರುತ್ತದೆ, ಆದರೆ ಬ್ಯಾಚಿನಿಂದ ಬ್ಯಾಚಿಗೆ ಆಗುವ ಏರುಪೇರು ಎಷ್ಟೋ ತಗ್ಗುತ್ತದೆ.